ಕರಡಿನಲ್ಲಿ ಅಮ್ಮ

14 ಡಿಸೆಂಬರ್ 2025, ಭಾನುವಾರ
ಮೈಸೂರು

ಬೆಳಗ್ಗೆಯಿಂದ ಅವರೆಕಾಳು ಹಿಸುಕುವ ಕೆಲಸ. ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಅಮ್ಮ, ಅಣ್ಣ, ನಾನು ಕೂತಿದ್ದೆವು. ಅಪ್ಪ ಕನ್ನಡಕ ಏರಿಸಿಕೊಂಡು ದಾನಪತ್ರದ ಕರಡನ್ನು ಜೋರಾಗಿ ಓದುತ್ತಿದ್ದರು. ಕುವೆಂಪುನಗರದ ಈ ಮನೆ ಅಣ್ಣನಿಗೂ ನನಗೂ ಸಮಪಾಲು.

ಇದು ಅಪ್ಪನ ಸ್ವಂತ ದುಡಿಮೆಯ ಮನೆ. ಸೈಟು ಆಗ ಊರಲ್ಲಿ ಬಡಾವಣೆ ಮಾಡಿ ಹಂಚುತ್ತಿದ್ದ ಸಿಐಟಿಬಿಯವರು ಕೊಟ್ಟಿದ್ದು, ನಗರಾಭಿವೃದ್ಧಿ ಪ್ರಾಧಿಕಾರ ಮುಡಾ ಆಗಿನ್ನೂ ಹುಟ್ಟಿರಲಿಲ್ಲ. ಪಿತ್ರಾರ್ಜಿತ ಅಲ್ಲವಾದ್ದರಿಂದ ಅವರು ಯಾರಿಗೆ ಬೇಕಾದರೂ ಕೊಡಬಹುದು. ವಿಲ್ ಬರೆದರೆ ಸಾಕಲ್ವಾ, ಮನಸ್ಸು ಬದಲಾದರೆ ತಿದ್ದಬಹುದು ಅಂದಿದ್ದೆ. ಒಪ್ಪಲಿಲ್ಲ. "ನಾನು ಹೋದಮೇಲೆ ಸಹಿ ಅಸಲಿಯೋ ನಕಲಿಯೋ ಅಂತ ನೀವು ಓಡಾಡೋದು ಬೇಡ. ಕೈಯಾರೆ ಕೊಡ್ತೀನಿ." ಮಕ್ಕಳಿಗೆ ಕೊಡುವ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಮನೆ ಬೆಲೆಗೆ ಇಷ್ಟು ಪರ್ಸೆಂಟ್ ಅಂತಿಲ್ಲ, ನಿಗದಿಯಾದ ಸಣ್ಣ ಮೊತ್ತ. ಲೆಕ್ಕದ ಮನುಷ್ಯ ಅಪ್ಪನಿಗೆ ಅದೂ ಹಿಡಿಸಿದೆ.

ಓದು ಮುಗಿಯಿತು. "ಪ್ರೀತಿ ವಿಶ್ವಾಸದಿಂದ" ಅನ್ನೋದು ಮೂರು ಸಲ ಬಂತು. ಅಪ್ಪನನ್ನು ನೋಡಿಕೊಳ್ಳಬೇಕು ಅನ್ನೋದು ಒಂದು ಸಲವೂ ಇಲ್ಲ. ಅದನ್ನು ಸೇರಿಸಿ ಅಂದೆ.

"ಅಂದ್ರೆ ನಾವು ಬೀದಿಗೆ ತಳ್ತೀವಿ ಅಂತಾನಾ?" ಅಣ್ಣನ ಕೈಯ ಕಾಳು ಚಿಮ್ಮಿ ಟಿವಿ ಕೆಳಗೆ ಹೋಯಿತು.

ಅವನ ಸಿಟ್ಟು ಸುಳ್ಳಲ್ಲ. ಅಪ್ಪನ ಮಾತ್ರೆ ಡಬ್ಬಿ ವಾರ ವಾರ ತುಂಬುವವನು ಅವನೇ. ಆದರೂ ನಾನು ಬಿಡಲಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಸೆಕ್ಷನ್ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಕೈಬಿಟ್ಟರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಪತ್ರ ರದ್ದು ಮಾಡಿಸಬಹುದು. ಆದರೆ ಷರತ್ತು ಇರಬೇಕು. ಬರೀ ಪ್ರೀತಿಯಿಂದ ಕೊಟ್ಟೆ ಅಂದರೆ ಸಾಲದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ವರ್ಷ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರವನ್ನು ಅದೇ ಕೋರ್ಟ್ ರದ್ದು ಮಾಡಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟಿದ್ದ ಅನ್ನುವ ಕಾಗದವೂ ಲೆಕ್ಕಕ್ಕೆ ಬಂತು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ವಕೀಲರ ಹಾಗೆ ಕಂಡೆನೇನೋ, ಅಣ್ಣ ಮುಖ ತಿರುಗಿಸಿದ.

ಅಪ್ಪನಿಗೂ ಮುಜುಗರ. "ಮಕ್ಕಳ ಹತ್ರ ಕರಾರು ಬರೆಸ್ಕೊಳ್ಳೋದಾ?" ಅಂದರು. ಕೊನೆಗೆ ಪೆನ್ನು ತೆಗೆದು ಅಂಚಿನಲ್ಲಿ ಬರೆದರು: ದಾನಿಯು ಜೀವಿತಾವಧಿಯವರೆಗೆ ಸದರಿ ಮನೆಯಲ್ಲಿ ವಾಸಿಸತಕ್ಕದ್ದು, ದಾನ ಪಡೆದವರು ಪೋಷಿಸತಕ್ಕದ್ದು.

ಅಮ್ಮ ಆ ತನಕ ಮಾತೇ ಆಡಿರಲಿಲ್ಲ.

"ಇದ್ರಲ್ಲಿ ನಾನೆಲ್ಲಿದ್ದೀನಿ?" ಅಂದರು.

ಅಪ್ಪ ಹಾಳೆ ತಿರುವಿದರು. ಅಮ್ಮ ಕೊನೆಯ ಪುಟದಲ್ಲಿದ್ದರು. ಸಾಕ್ಷಿ, ನಂಬರ್ ಒಂದು.

ಮೂವರೂ ತಬ್ಬಿಬ್ಬಾದೆವು. ಎಲ್ಲರಿಗಿಂತ ಜಾಸ್ತಿ ನಾನು. ಸೆಕ್ಷನ್ ನಂಬರ್ ಸಮೇತ ಓದಿಕೊಂಡು ಬಂದವಳಿಗೆ ಇದು ಹೊಳೆದಿರಲಿಲ್ಲ. ದಾನಿ ಅಪ್ಪ ಒಬ್ಬರೇ. ರದ್ದು ಕೇಳುವ ಹಕ್ಕು ಕೊಟ್ಟವರದು. ಅಪ್ಪನ ನಂತರ ಅಮ್ಮ ಯಾವ ಸಾಲನ್ನು ತೋರಿಸಿ ಈ ಮನೆಯಲ್ಲಿ ಇರಬೇಕಿತ್ತು? ತಾರಸಿ ಹಾಕುವಾಗ ಸಿಮೆಂಟಿಗೆ ದುಡ್ಡು ಸಾಲದೆ ಅವರ ನಾಲ್ಕು ಬಳೆ ಮಾರಿದ್ದನ್ನು ನಾವೆಲ್ಲ ಕತೆಯ ಹಾಗೆ ಹೇಳಿಕೊಂಡು ನಕ್ಕಿದ್ದೇವೆ.

ಅಣ್ಣನೇ ಅಪ್ಪನ ಕೈಯಿಂದ ಪೆನ್ನು ಇಸಿದುಕೊಂಡ. "ದಾನಿ ಮತ್ತು ದಾನಿಯ ಪತ್ನಿ" ಅಂತ ತಿದ್ದಿದ. ಸಾಕ್ಷಿಯ ಜಾಗಕ್ಕೆ ಎದುರುಮನೆ ಮೇಷ್ಟ್ರನ್ನು ಕೇಳುವುದು ಅಂತಾಯಿತು. ಇನ್ನೆರಡು ದಿನಕ್ಕೆ ಧನುರ್ಮಾಸ, ನೋಂದಣಿ ಸಂಕ್ರಾಂತಿ ಕಳೆದ ಮೇಲೆ.

ಅಮ್ಮ ಹಿಸುಕಿದ ಬೇಳೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅಲ್ಲಿಂದಲೇ ಕೂಗಿದರು: "ಯಾವ ರೂಮು ಅಂತಾನೂ ಬರೆಸಿ. ತುಳಸಿ ಕಾಣೋ ಕಿಟಕಿದು. ಮೆಟ್ಟಿಲ ಕೆಳಗಿನದು ನಂಗೆ ಬೇಡ."