ಜಾಕೆಟ್ ಯಾಕೆ ಅಂತ ಕೇಳಿದ್ದೇ ತಪ್ಪಾಯ್ತಾ?

ಮೊನ್ನೆ ಭಾನುವಾರ ಕತಗಾಲದಲ್ಲಿ ಚಾ ಕುಡಿಯುವಾಗ ನಮ್ಮ ಸೈಕಲ್ ಬಳಗದಲ್ಲಿ ಸಣ್ಣ ಜಗಳ ಆಯ್ತು. ಜಗಳ ಬ್ರೆವೆ ನಿಯಮದ ಬಗ್ಗೆ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಬ್ರೆವೆ ಅಂದರೆ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಿದರೆ ಸಾಕು, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ದಾರಿಯಲ್ಲಿ ಕಂಟ್ರೋಲ್, ಅಂದರೆ ತಪಾಸಣೆ ಜಾಗ, ಸಿಕ್ಕಲ್ಲಿ ಕಾರ್ಡಿಗೆ ಸೀಲ್ ಹಾಕಿಸಬೇಕು. ಕಂಟ್ರೋಲ್ ಬಿಟ್ಟು ಬೇರೆ ಕಡೆ ಮನೆಯವರು ಕಾರಲ್ಲಿ ಹಿಂದೆ ಬಂದು ನೀರು ಕೊಡೋ ಹಾಗಿಲ್ಲ. ಈ ನಿಯಮಗಳೆಲ್ಲ ಬಂದಿದ್ದು 1904ರಲ್ಲಿ ಶುರುವಾದ ಪ್ಯಾರಿಸಿನ ಒಂದು ಕ್ಲಬ್ಬಿನಿಂದ. ನನಗೆ ಇವು ಇಷ್ಟಾನೇ.

ತಕರಾರು ಬಂದಿದ್ದು ಹೊಳೆಯುವ ಜಾಕೆಟ್ ವಿಷಯಕ್ಕೆ. ಮೂಲ ನಿಯಮದಲ್ಲಿ ಅದು ರಾತ್ರಿಗೆ ಮತ್ತು ಬೆಳಕು ಕಮ್ಮಿ ಇದ್ದಾಗ. ನಮ್ಮ ಕಡೆ ಸವಾರಿ ನಡೆಸುವವರು ಇಡೀ ದಿನ ಹಾಕಿ ಅಂದರು. ಏಪ್ರಿಲ್ ತಿಂಗಳು, ಕಾರವಾರ ಬಿಟ್ಟು ಅಂಕೋಲಾ ದಾಟುವಷ್ಟರಲ್ಲಿ ಅಂಗಿ ಹಿಂಡಿದರೆ ಒಂದು ಲೋಟ ತುಂಬುತ್ತೆ, ಅದರ ಮೇಲೆ ಈ ಪ್ಲಾಸ್ಟಿಕ್ ಚೀಲ ಬೇರೆ! ಯಾಕೆ ಅಂತ ಕೇಳಿದೆ, ಅಷ್ಟೇ.

'ದುಡ್ಡು ಕಟ್ಟುವಾಗ ಒಪ್ಪಿ ಸಹಿ ಹಾಕಿದ್ದೀಯಲ್ಲ, ಈಗೇನು?' ಅಂದರು ಬಳಗದ ಹಿರಿಯರೊಬ್ಬರು. ನಾನು ಸಹಿ ಹಾಕಿದ್ದು ಪಾಲಿಸ್ತೀನಿ ಅಂತ. ಪಾಲಿಸಿದ್ದೀನಿ ಕೂಡ, ಕೊನೇ ಸೀಲ್ ಬೀಳುವ ತನಕ ಬಿಚ್ಚಿಲ್ಲ. ಇನ್ನೊಬ್ಬ, ಸುಮ್ನೆ ಕೇಳಿದರೆ ಮುಂದಿನ ಸಲ ನಮ್ಮೂರಿಗೆ ಸವಾರಿನೇ ಕೊಡಲ್ಲ ಅಂದ. ಈ ಹೆದರಿಕೆ ಇದೆಯಲ್ಲ, ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ಆಮೇಲೆ ಬನ್ಸ್ ಮುರೀತಾ ಕೂತಿದ್ದ ಗೆಳೆಯ ಬಾಯಿ ಬಿಟ್ಟ. ಅವನು ಶಿರಸಿ-ಕುಮಟಾ ರಸ್ತೆಯಲ್ಲಿ ಗಾಡಿ ಓಡಿಸುವವನು. ದೇವಿಮನೆ ಘಟ್ಟದಲ್ಲಿ ಬಿಸಿಲಿಂದ ಕಾಡಿನ ನೆರಳಿಗೆ ನುಗ್ಗಿದಾಗ ಒಂದು ಗಳಿಗೆ ಕಣ್ಣಿಗೆ ಏನೂ ಕಾಣಲ್ಲ, ಆಗ ತಿರುವಿನಲ್ಲಿ ಕಪ್ಪು ಟೀ ಶರ್ಟಿನ ಸೈಕಲ್‌ನವನು ಇದ್ದರೆ ದೇವರೇ ಗತಿ, ಅಂದ. ನನ್ನ ಬಾಯಿ ಬಂದ್. ಇಷ್ಟು ಚೆಂದದ ಕಾರಣವನ್ನು ನಡೆಸುವವರು ಒಂದು ಸಾಲಲ್ಲಿ ಬರೆದಿದ್ದರೆ ನಾನು ಅಂಕೋಲಾದಿಂದ ಕುಮಟಾವರೆಗೆ ಅವರನ್ನು ಬೈಕೊಂಡು ಬರ್ತಿರಲಿಲ್ಲ, ಅಲ್ವಾ?

ಘಟ್ಟಕ್ಕೆ ಹಾಕೋಣ, ಕರಾವಳಿ ಬಯಲಲ್ಲಿ ನಡು ಮಧ್ಯಾಹ್ನ ಬಿಚ್ಚೋಕೆ ಬಿಡಿ ಅಂತ ಕಾಗದ ಬರೆದಿದ್ದೇವೆ. ಹಿರಿಯರೂ ಸಹಿ ಹಾಕಿದರು, ಗೊಣಗುತ್ತಲೇ. ಉತ್ತರ ಬಂದಿಲ್ಲ. ಜಾಕೆಟ್ ಹಿತ್ತಲ ಹಗ್ಗದ ಮೇಲೆ ಒಣಗ್ತಾ ಇದೆ, ಹೆಗಲ ಹತ್ತಿರ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿದೆ. ಮುಂದಿನ ಸವಾರಿಗೂ ಅದನ್ನೇ ಹಾಕ್ತೀನಿ.