ಸರಕಿಗಿಂತ ಮೊದಲು ಗಿರಾಕಿ: ತುಮಕೂರಿನಲ್ಲಿ ಸಣ್ಣ ಉದ್ಯಮ ಆರಂಭಿಸುವವರಿಗೆ

ಸಣ್ಣ ವ್ಯಾಪಾರಗಳ ಲೆಕ್ಕಪತ್ರ ಬರೆಯುವುದು, ತೆರಿಗೆ ವಿವರ ಸಲ್ಲಿಸುವುದು ನನ್ನ ಕಸುಬು. ತುಮಕೂರಿನಲ್ಲಿ ಈ ಕೆಲಸ ಮಾಡುವವರ ಬಳಿಗೆ ಲೆಕ್ಕ ಬರೆಸಲು ಬರುವವರಲ್ಲದೆ, ಇನ್ನೂ ಅಂಗಡಿಯನ್ನೇ ತೆರೆಯದವರೂ "ಏನು ಮಾಡಿದರೆ ನಡೆದೀತು ಸಾರ್?" ಎಂದು ಕೇಳಿಕೊಂಡು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಸರಕನ್ನು ಆಗಲೇ ತೀರ್ಮಾನಿಸಿರುತ್ತಾರೆ: ಗಾಣದ ಎಣ್ಣೆ, ಸಿರಿಧಾನ್ಯದ ಹಿಟ್ಟು, ಚಟ್ನಿಪುಡಿ. ಯಾರಿಗೆ ಮಾರುತ್ತೀರಿ ಎಂದು ಕೇಳಿದರೆ, "ಎಲ್ಲರಿಗೂ ಬೇಕಲ್ಲ ಸಾರ್" ಎನ್ನುತ್ತಾರೆ. ನನಗೆ ಕಳವಳವಾಗುವುದು ಈ ಉತ್ತರ ಕೇಳಿದಾಗಲೇ. ಎಲ್ಲರಿಗೂ ಬೇಕಾದ ಸರಕನ್ನು ಮಾರುವವರೂ ಬೀದಿಗೆ ನಾಲ್ವರಿರುತ್ತಾರೆ. ಅಲ್ಲಿ ಬೆಲೆ ಇಳಿಸುವುದನ್ನು ಬಿಟ್ಟರೆ ಹೊಸಬನ ಕೈಯಲ್ಲಿ ಬೇರೆ ಉಪಾಯವಿರುವುದಿಲ್ಲ.

ಗಾಣದ ಎಣ್ಣೆಯನ್ನೇ ನೋಡೋಣ. ತೆಂಗಿನ ಜಿಲ್ಲೆ, ತಿಪಟೂರಿನಂಥ ಕೊಬ್ಬರಿ ಮಾರುಕಟ್ಟೆ ಪಕ್ಕದಲ್ಲೇ ಇದೆ, ಆದ್ದರಿಂದ ಇಲ್ಲಿ ಎಣ್ಣೆ ತೆಗೆಯುವುದೇ ಸರಿ ಎಂಬ ವಾದ ಮೇಲ್ನೋಟಕ್ಕೆ ಒಪ್ಪುವಂತಿದೆ. ಆದರೆ ಒಂದು ಲೀಟರ್ ಎಣ್ಣೆಗೆ ಒಂದೂವರೆ ಕಿಲೋ ಆಸುಪಾಸಿನ ಒಣ ಕೊಬ್ಬರಿ ಬೇಕು, ಮರದ ಗಾಣದಲ್ಲಾದರೆ ಇನ್ನೂ ತುಸು ಹೆಚ್ಚು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು ಬೆಳೆಗಾರರು ಬೀದಿಗಿಳಿದಿದ್ದರು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದರೆ, ಹರಾಜಿನ ದರ 20,000 ರೂಪಾಯಿಯನ್ನೂ ದಾಟಿತು. ಕೊಬ್ಬರಿ ಕ್ವಿಂಟಲಿಗೆ 9,000 ಇದ್ದರೆ ಒಂದು ಲೀಟರ್ ಎಣ್ಣೆಯ ಕಚ್ಚಾ ಸರಕಿಗೇ 135 ರೂಪಾಯಿ ತಗಲುತ್ತದೆ, 20,000 ಆದರೆ 300 ರೂಪಾಯಿ. ಎರಡು ವರ್ಷದೊಳಗೆ ಇಷ್ಟು ಏರುಪೇರಾಗುವ ಸರಕನ್ನು ನಂಬಿ, ಬಾಡಿಗೆ ಕಟ್ಟಿ, ಸಾಲದ ಕಂತು ತುಂಬುವ ಶಕ್ತಿ ದೊಡ್ಡ ದಾಸ್ತಾನು ಇಟ್ಟುಕೊಳ್ಳಬಲ್ಲವರಿಗಷ್ಟೇ ಇರುತ್ತದೆ. ಗಾಣ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಬೆಲೆ ದುಪ್ಪಟ್ಟಾದರೂ ನಿಮ್ಮಲ್ಲೇ ಕೊಳ್ಳುವ ಗಿರಾಕಿ ಯಾರೆಂದು ಹೆಸರು ಹಿಡಿದು ಹೇಳಲು ಆಗದಿದ್ದರೆ ಹಾಕಬೇಡಿ ಎನ್ನುತ್ತಿದ್ದೇನೆ.

ಸರ್ಕಾರದ ನೆರವು ಕೂಡ ಈ ವಿಷಯದಲ್ಲಿ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಸಣ್ಣ ಆಹಾರ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ ಗೊತ್ತುಮಾಡಿದರು. ಅದೇ ಯೋಜನೆಯ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ತುಮಕೂರಿಗೆ ಬಂದದ್ದು ತೆಂಗು. ಯೋಜನೆ ಒಳ್ಳೆಯದೇ. ಆದರೆ ಸಹಾಯಧನ ಸಿಗುವುದು ಯಂತ್ರಕ್ಕೆ, ಗಿರಾಕಿಗಲ್ಲ. ಯಂತ್ರದ ಕೊಟೇಶನ್ ಹಿಡಿದು ಬಂದವರನ್ನು, ಮೊದಲ ತಿಂಗಳು ನಿಮ್ಮಲ್ಲಿ ಕೊಳ್ಳುವ ಹತ್ತು ಜನರ ಪಟ್ಟಿ ಮಾಡಿ ತನ್ನಿ ಎಂದು ನಾನು ಮನೆಗೆ ಕಳಿಸುತ್ತೇನೆ.

ನನ್ನ ಅಕ್ಕನ ಮಗಳು ಕ್ಯಾತ್ಸಂದ್ರದ ಕಡೆ ಇರುವವಳು. ಅವಳೂ ಮೊದಲು, "ಮಾವ, ಗಾಣ ಹಾಕಿದರೆ ಹೇಗೆ?" ಎಂದೇ ಕೇಳಿದಳು. ಪಟ್ಟಿ ಮಾಡಲು ಹೊರಟಾಗ ಅವಳ ಕಣ್ಣಿಗೆ ಬಿದ್ದದ್ದು ಬೇರೆಯದೇ ಆದ ಒಂದು ಕೊರತೆ. ಹೆದ್ದಾರಿಯ ತಟ್ಟೆ ಇಡ್ಲಿ ಹೋಟೆಲುಗಳಲ್ಲಿ ಬೆಳಗ್ಗೆ ಇಡ್ಲಿಯ ಹಬೆ ಏಳುವ ಹೊತ್ತಿಗೆ ಚಟ್ನಿ ಸಿದ್ಧವಿರಬೇಕು, ಚಟ್ನಿಗೆ ಕಾಯಿತುರಿ ಬೇಕು, ಆ ಹೊತ್ತಿನಲ್ಲಿ ಕಾಯಿ ಒಡೆದು ತುರಿಯುವ ಆಳು ಸಿಗುವುದಿಲ್ಲ. ಸಿಕ್ಕ ಆಳು ಹಬ್ಬಕ್ಕೆ ಊರಿಗೆ ಹೋದರೆ ಯಜಮಾನರೇ ತುರಿಯುವ ಯಂತ್ರದ ಮುಂದೆ ಕೂರಬೇಕು. ಇವಳು ಮನೆಯ ಹಿಂದಿನ ಶೆಡ್ಡಿನಲ್ಲಿ ಮೋಟಾರಿನ ತುರಿಯುವ ಯಂತ್ರ ಇಟ್ಟು, ಇಬ್ಬರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡು, ಹೋಟೆಲುಗಳಿಗೆ ಬೆಳಕು ಹರಿಯುವ ಮೊದಲೇ ತುರಿ ತಲುಪಿಸುವ ಕೆಲಸ ಹಿಡಿದಳು.

ಈ ಆಯ್ಕೆಯಲ್ಲಿ ನಾನು ಮೆಚ್ಚುವ ಸಂಗತಿಗಳು ಹಲವು. ಗಿರಾಕಿಗೆ ಅದು ದಿನವೂ ಬೇಕು. ಹಸಿ ತುರಿ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯಾಗುವುದರಿಂದ ದೂರದ ದೊಡ್ಡ ಕಂಪನಿ ಬಂದು ಈ ಜಾಗವನ್ನು ಕಸಿಯುವುದು ಸುಲಭವಲ್ಲ. ಸರಕಿನ ದೌರ್ಬಲ್ಯವೆಂದು ಎಲ್ಲರೂ ಎಣಿಸುವ ಗುಣವೇ ಹತ್ತಿರದವಳಿಗೆ ರಕ್ಷಣೆ. ಎಲ್ಲಕ್ಕಿಂತ ಮುಖ್ಯವಾದದ್ದು ಅವಳು ದರ ಕಟ್ಟಿದ ಬಗೆ: ಆ ವಾರದ ಕಾಯಿಯ ಮಾರುಕಟ್ಟೆ ದರ ಎಷ್ಟೋ ಅಷ್ಟು, ಅದರ ಮೇಲೆ ಕಿಲೋಗೆ ಇಷ್ಟೆಂದು ನಿಗದಿಯಾದ ಕೂಲಿ. ಕಾಯಿ ಏರಿದರೂ ಇಳಿದರೂ ಅವಳ ಕೂಲಿ ಅಲುಗುವುದಿಲ್ಲ. ಅವಳು ಮಾರುತ್ತಿರುವುದು ತೆಂಗನ್ನಲ್ಲ, ಹೋಟೆಲಿನವರ ಬೆಳಗಿನ ಒಂದು ಗಂಟೆಯ ಕೆಲಸವನ್ನು.

ವ್ಯಾಪ್ತಿ ಕಿರಿದಾದಷ್ಟೂ ಕೆಲಸದ ಸೂಕ್ಷ್ಮ ಕೈಗೆ ಹತ್ತುತ್ತದೆ. ಹೋಳನ್ನು ಕರಟದವರೆಗೂ ತುರಿದರೆ ಕಂದು ಸಿಪ್ಪೆ ಬೆರೆತು ಚಟ್ನಿಯ ಬಿಳುಪು ಕೆಡುತ್ತದೆ ಎಂದು ಹೋಟೆಲಿನವರು ದೂರಿದ ಮೇಲೆ, ಮೇಲಿನ ಬಿಳಿ ತುರಿಯನ್ನು ಚಟ್ನಿಗೆಂದು ಬೇರೆ ಡಬ್ಬಿಗೆ ಹಾಕಿ, ತಳದ ತುರಿಯನ್ನು ಸಾಗು, ಸಾಂಬಾರಿನ ಮಸಾಲೆಗೆಂದು ಕಡಿಮೆ ದರಕ್ಕೆ ಕೊಡತೊಡಗಿದಳು. ಕರಟವನ್ನು ಇದ್ದಿಲು ಮಾಡುವವರು ಒಯ್ಯುತ್ತಾರೆ. ಚಟ್ನಿಪುಡಿ, ಎಣ್ಣೆ, ತುರಿ ಮೂರನ್ನೂ ಒಟ್ಟಿಗೆ ಹಿಡಿದಿದ್ದರೆ ಬಿಳಿ ತುರಿಯ ಮಾತು ಅವಳ ಕಿವಿಗೆ ಬೀಳುತ್ತಿತ್ತೇ ಎಂಬುದು ನನಗೆ ಅನುಮಾನ.

ಜಿಲ್ಲೆಯ ಬೆಳೆಯೇ ಉದ್ಯಮದ ನೆಲೆ ಎಂಬ ಭ್ರಮೆ ಕೋಲಾರದಲ್ಲೂ ಇದೆ. ಟೊಮೆಟೊ ಬೆಲೆ ಕುಸಿದು ಹಣ್ಣನ್ನು ರಸ್ತೆಗೆ ಸುರಿದ ಸುದ್ದಿ ಬಂದಾಗಲೆಲ್ಲ ಕೆಚಪ್ ಘಟಕದ ಮಾತು ಏಳುತ್ತದೆ. ಆದರೆ ಅಲ್ಲಿ ಹೆಚ್ಚಾಗಿ ಬೆಳೆಯುವುದು ದೂರದ ಪ್ರಯಾಣವನ್ನು ತಾಳಿಕೊಳ್ಳುವ, ಅಡುಗೆಗೆ ಕೊಳ್ಳುವ ತಳಿಗಳನ್ನು. ಕೆಚಪ್ಪಿಗೆ ನೀರಿನಂಶ ಕಡಿಮೆ, ಘನಾಂಶ ಹೆಚ್ಚು ಇರುವ ಹಣ್ಣು ಬೇಕು. ಬೆಲೆ ಬಿದ್ದ ನಾಲ್ಕು ವಾರಗಳ ಹಣ್ಣನ್ನು ನಂಬಿ ವರ್ಷವಿಡೀ ಯಂತ್ರ ನಡೆಸಲಾಗದು.

ಕಿರಿದಾದ ವ್ಯಾಪ್ತಿಗೆ ಅದರದೇ ಆದ ಅಪಾಯಗಳಿವೆ. ಕಲ್ಯಾಣ ಮಂಟಪಗಳನ್ನೇ ನಂಬಿದ ಹೋಳಿಗೆ ವ್ಯಾಪಾರಕ್ಕೆ ಆಷಾಢ ಮತ್ತು ಧನುರ್ಮಾಸದಲ್ಲಿ ಕೆಲಸವಿರುವುದಿಲ್ಲ. ಆ ತಿಂಗಳುಗಳ ಖರ್ಚನ್ನು ಉಳಿದ ತಿಂಗಳ ದರದಲ್ಲೇ ಸೇರಿಸಿಕೊಳ್ಳಬೇಕು. ಒಬ್ಬನೇ ಗಿರಾಕಿ ಅರ್ಧ ವ್ಯಾಪಾರವಾಗಿಬಿಟ್ಟರೆ ಅವನು ಉದ್ರಿ ಹೇಳಿದಷ್ಟು ದಿನ ಸುಮ್ಮನಿರಬೇಕಾಗುತ್ತದೆ. ಖಾತೆ ಪುಸ್ತಕದಲ್ಲಿ ಯಾವ ಹೆಸರು ಎಷ್ಟು ಸಲ ಬರುತ್ತದೆ, ಯಾವ ಹೆಸರಿನ ಮುಂದೆ ಬಾಕಿ ಬೆಳೆಯುತ್ತಿದೆ ಎಂಬುದನ್ನು ತಿಂಗಳಿಗೊಮ್ಮೆಯಾದರೂ ನೋಡಿ. ಯಾವ ಸಲಹೆಗಾರನಿಗಿಂತಲೂ ಅದು ಸ್ಪಷ್ಟವಾಗಿ ಹೇಳುತ್ತದೆ. ಅಕ್ಕನ ಮಗಳು ವಾರಕ್ಕೊಮ್ಮೆ ಹಣ ತೀರಿಸದ ಹೋಟೆಲಿಗೆ ಮರುವಾರ ಡಬ್ಬಿ ಇಳಿಸುವುದಿಲ್ಲ.

ಈಚೆಗೆ ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನ ಒಂದು ಅಂಗಡಿಯವರು ಪ್ಯಾಕೆಟ್ ಮಾಡಿದ ತುರಿ ಕೇಳಿದ್ದಾರೆ. ಅದಕ್ಕೆ ಶೀತಲ ವಾಹನ ಬೇಕು, ಮಾರದೆ ಉಳಿದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಹಣ ಬರುವುದು ತಿಂಗಳ ಮೇಲೆ. ಬೇಡವೆಂದು ಹೇಳಿ, ಅದರ ಬದಲು ಅವರೆಕಾಯಿಯ ಕಾಲಕ್ಕೆ ಈಗಿನ ಹೋಟೆಲುಗಳಿಗೇ ಹಿತುಕಿದ ಬೇಳೆ ಒದಗಿಸುವ ಲೆಕ್ಕವನ್ನು ನಾವಿಬ್ಬರೂ ಹಾಕುತ್ತಿದ್ದೇವೆ. ಅವರೆಕಾಳು ನೆನೆಸಿ ಬೇಳೆ ಹಿತುಕುವುದಕ್ಕೂ ಅಲ್ಲಿ ಆಳಿಲ್ಲ, ಡಬ್ಬಿ ಹೋಗುವ ಗಾಡಿ ಹೇಗೂ ಅದೇ ಬಾಗಿಲಿಗೆ ಹೋಗುತ್ತದೆ.