ರಾಯಚೂರಿನಲ್ಲಿ ರಾತ್ರಿ ಊಟ: ಎಲ್ಲಿ ಕೂರಬೇಕು, ಎಷ್ಟೊತ್ತಿಗೆ ಹೋಗಬೇಕು

ರಾಯಚೂರಿನಲ್ಲಿ ಬಂದಿಳಿಯುವ ಹೊರಗಿನವರಲ್ಲಿ ತುಂಬಾ ಜನ ಮಂತ್ರಾಲಯಕ್ಕೆ ಹೊರಟವರು. ಬೆಳಗ್ಗೆ ರೈಲು ಇಳಿಯುತ್ತಾರೆ, ಲಾಡ್ಜ್‌ನಲ್ಲಿ ಸ್ನಾನ ಮಾಡುತ್ತಾರೆ, ರಾಯರ ದರ್ಶನ ಮುಗಿಸಿ ಸಂಜೆ ವಾಪಸ್ ಬರುತ್ತಾರೆ. ಸುಸ್ತಾಗಿರುತ್ತದೆ. ಲಾಡ್ಜ್‌ನ ಕೆಳಗೇ ಇರುವ ಹೋಟೆಲಿನಲ್ಲಿ ಬಟರ್ ನಾನ್, ಪನೀರ್ ಮಸಾಲಾ ತಿಂದು ಮಲಗಿಬಿಡುತ್ತಾರೆ. ಅದೇ ಪನೀರ್ ಮಸಾಲಾ ಬೆಂಗಳೂರಿನಲ್ಲೂ ಸಿಗುತ್ತದೆ, ತುಮಕೂರಿನಲ್ಲೂ ಸಿಗುತ್ತದೆ. ಇಷ್ಟು ದೂರ ಬಂದು ಈ ಊರಿನ ಊಟ ಮಾಡದೆ ಹೋಗುತ್ತಾರಲ್ಲ ಅಂತ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಯಚೂರು ಊಟದ ವಿಷಯದಲ್ಲಿ ಶ್ರೀಮಂತ ಊರು. ಸುತ್ತ ಬಿಳಿಜೋಳ ಬೆಳೆಯುವ ಎರೆಭೂಮಿ. ಸಿಂಧನೂರು, ಮಾನ್ವಿ ಕಡೆ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆಯುವ ಸೋನಾ ಮಸೂರಿ. ಪಕ್ಕದಲ್ಲೇ ತೆಲಂಗಾಣ, ಇನ್ನೊಂದು ಪಕ್ಕಕ್ಕೆ ಆಂಧ್ರ. ಅದರ ಮೇಲೆ 1948ರವರೆಗೂ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಜೋಳದ ರೊಟ್ಟಿ, ಗೋಂಗೂರ ಪಪ್ಪು, ದಮ್ ಬಿರಿಯಾನಿ ಮೂರೂ ಇಲ್ಲಿ ಸ್ವಂತ ಅಡುಗೆಯೇ. ಹೊರಗಿನಿಂದ ತಂದು ಮೆನುವಿಗೆ ಸೇರಿಸಿದ್ದಲ್ಲ.

ಹೋಟೆಲ್ ಆರಿಸುವಾಗ ನಾನು ನೋಡುವುದು ಒಂದೇ. ಆ ಅಡುಗೆಮನೆಯಲ್ಲಿ ರಾತ್ರಿಗೆ ಅಂತ ಹೊಸದಾಗಿ ಏನು ಮಾಡುತ್ತಾರೆ? ಸಣ್ಣ ಊರುಗಳಲ್ಲಿ ದೊಡ್ಡ ಅಡುಗೆ ಆಗುವುದು ಮಧ್ಯಾಹ್ನಕ್ಕೆ. ಕಚೇರಿಯವರು, ಕೋರ್ಟಿಗೆ ಬಂದವರು, ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ಹತ್ತಿ, ಭತ್ತ ತಂದ ರೈತರು ಎಲ್ಲ ಆಗ ಉಣ್ಣುತ್ತಾರೆ. ರಾತ್ರಿ ಕೆಲವು ಕಡೆ ಉಳಿದದ್ದನ್ನೇ ಬಿಸಿ ಮಾಡಿ ಬಡಿಸುತ್ತಾರೆ. ಮಧ್ಯಾಹ್ನ ಅದ್ಭುತವಾಗಿದ್ದ ಜಾಗ ರಾತ್ರಿ ಸಪ್ಪೆಯಾಗುವುದು ಇದಕ್ಕೇ. ಆದ್ದರಿಂದ ಸಂಜೆ ಸುಮ್ನೆ ತಿರುಗಾಡುವಾಗಲೇ ಎರಡು ಮೂರು ಕಡೆ ನಿಂತು ಕೇಳಿ: ‘ರಾತ್ರಿಗೆ ಪಲ್ಯ ಏನು ಮಾಡ್ತೀರಿ? ರೊಟ್ಟಿ ಬಿಸಿ ಸಿಗುತ್ತಾ?’ ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಮಾಡುವವರು ಥಟ್ಟನೆ ಹೆಸರು ಹೇಳುತ್ತಾರೆ. ‘ಎಲ್ಲಾ ಐತಿ ಬರ್ರಿ’ ಅಂದರೆ ಮುಂದಿನ ಅಂಗಡಿ ನೋಡಿ.

ಫೋನಿನ ಮ್ಯಾಪ್ ಇಲ್ಲಿ ಜಾಸ್ತಿ ಸಹಾಯ ಮಾಡುವುದಿಲ್ಲ. ಸ್ಟಾರ್ ನೋಡಿ ಹೋದರೆ ಎಸಿ ಇರುವ, ಪಾರ್ಕಿಂಗ್ ಇರುವ ಜಾಗಗಳೇ ಮೇಲೆ ಬರುತ್ತವೆ. ರೊಟ್ಟಿ ಊಟ ಹಾಕುವ ಸಣ್ಣ ಖಾನಾವಳಿಯಲ್ಲಿ ದಿನಾ ಉಣ್ಣುವ ಹಮಾಲರು, ಅಡತಿ ಅಂಗಡಿಯ ಗುಮಾಸ್ತರು ಸ್ಟಾರ್ ಕೊಡುತ್ತಾ ಕೂರುವುದಿಲ್ಲ, ಅಲ್ವಾ? ಅವರನ್ನೇ ನೇರವಾಗಿ ಕೇಳಬೇಕು. ಕೇಳುವಾಗ ‘ಒಳ್ಳೆ ಹೋಟೆಲ್ ಯಾವುದು’ ಅನ್ನಬೇಡಿ. ನಿಮ್ಮ ಬಟ್ಟೆ ನೋಡಿ ದುಬಾರಿ ಜಾಗವನ್ನೇ ತೋರಿಸುತ್ತಾರೆ. ‘ನೀವು ಎಲ್ಲಿ ಉಣ್ತೀರಿ’ ಅಂತ ಕೇಳಿ.

ಒಂದೇ ರಾತ್ರಿ ಇದ್ದರೆ ಖಾನಾವಳಿಗೆ ಹೋಗಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬಸ್ ನಿಲ್ದಾಣದ ಸುತ್ತ, ಗಂಜ್ ಕಡೆ ವಿಚಾರಿಸಿದರೆ ಸಿಗುತ್ತವೆ. ಬೋರ್ಡ್ ಚಿಕ್ಕದಿರಬಹುದು, ಒಳಗೆ ನಾಲ್ಕೈದು ಟೇಬಲ್ ಅಷ್ಟೇ ಇರಬಹುದು. ಹೊರಗೇ ಒಂದು ನಿಮಿಷ ನಿಂತು ಕಿವಿಗೊಡಿ. ಪಟ ಪಟ ಅಂತ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಒಳಗೆ ಹೋಗಿ ಕೂತುಬಿಡಿ. ಸದ್ದು ಇಲ್ಲ ಅಂದರೆ ರೊಟ್ಟಿ ಮೊದಲೇ ಮಾಡಿಟ್ಟಿದ್ದಾರೆ ಅಂತ ಅರ್ಥ.

ಸಾಧ್ಯವಾದರೆ ಅಡುಗೆಮನೆ ಕಾಣುವ ಜಾಗದಲ್ಲೇ ಕೂರಿ. ನಾನು ಹಾಗೆ ಕೂತು ನೋಡಿದ್ದನ್ನು ಹೇಳುತ್ತೇನೆ. ಹಿಟ್ಟಿಗೆ ಕುದಿಯುವ ನೀರು ಬಿಟ್ಟು ರೊಟ್ಟಿ ಮಾಡುವ ಹೆಂಗಸು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದರು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಅಂಟು ಇರುವುದಿಲ್ಲ; ಬಿಸಿನೀರು, ನಾದುವ ಕೈ ಎರಡೇ ಅದನ್ನು ಹಿಡಿದಿಡಬೇಕು. ಆಮೇಲೆ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಒಂದು ಕೈಯಿಂದ ತಟ್ಟುತ್ತಾ ಇನ್ನೊಂದು ಕೈಯಿಂದ ತಿರುಗಿಸುತ್ತಾ ಹೋದರು. ನೋಡುತ್ತಿದ್ದ ಹಾಗೆ ತಟ್ಟೆಯಷ್ಟು ಅಗಲ ಆಯಿತು. ಅಂಚು ಎಲ್ಲೂ ಒಡೆದಿರಲಿಲ್ಲ. ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದರು. ನೀರು ಆರುತ್ತಿದ್ದ ಹಾಗೆ ಮಗುಚಿ ಹಾಕಿದರು, ಉಬ್ಬಿತು. ಅಷ್ಟೊತ್ತಿಗೆ ಮುಂದಿನ ರೊಟ್ಟಿ ಅರ್ಧ ತಟ್ಟಿ ಆಗಿತ್ತು. ಹೀಗೆ ಬಂದ ರೊಟ್ಟಿಯನ್ನು ಕೂಡಲೇ ತಿನ್ನಬೇಕು. ಮಾತಾಡುತ್ತಾ ಕೂತರೆ ಆ ಮೆತ್ತನೆ ಹೋಗಿಬಿಡುತ್ತದೆ. ಫೋಟೋ ಆಮೇಲೆ ತೆಗೆಯಿರಿ.

ಜೊತೆಗೆ ಎಣ್ಣೆಗಾಯಿ ಬರುತ್ತದೆ, ಕಾಳುಪಲ್ಯ ಬರುತ್ತದೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ), ಗಟ್ಟಿ ಮೊಸರು. ಪುಂಡಿಪಲ್ಲೆ ಇದೆಯಾ ಅಂತ ಕೇಳಲೇಬೇಕು. ಹುಳಿ ಸೊಪ್ಪು, ಬೇಳೆ, ಬೆಳ್ಳುಳ್ಳಿ ಹಾಕಿ ಮಾಡಿದ್ದು ರೊಟ್ಟಿಗೆ ಹೇಳಿ ಮಾಡಿಸಿದ ಜೋಡಿ. ಚಳಿಗಾಲದಲ್ಲಿ ಹೋದರೆ ಹಸಿ ಹಕ್ಕರಕಿ ಸೊಪ್ಪು, ಮೆಂತ್ಯ ಸೊಪ್ಪು, ಈರುಳ್ಳಿ ತಾಟಿನ ಪಕ್ಕ ಇಡುತ್ತಾರೆ. ಅದನ್ನು ಅಲಂಕಾರ ಅಂತ ಬಿಡಬೇಡಿ, ಕಚ್ಚಿಕೊಂಡು ತಿನ್ನಿ. ನಾವು ಮೈಸೂರು ಕಡೆಯವರು, ಖಾರ ನಮಗೆ ಸ್ವಲ್ಪ ಜಾಸ್ತಿ ಅನಿಸಿತು. ಹಿಂಡಿಯನ್ನು ಮೊಸರಿನಲ್ಲಿ ಕಲಸಿಕೊಂಡರೆ ಸರಿಹೋಗುತ್ತದೆ. ಮಕ್ಕಳಿಗೆ ರೊಟ್ಟಿ, ಮೊಸರು, ಬೆಲ್ಲ ಕೇಳಿ.

ಅನ್ನ ಸಾರು ಕೊನೆಗೆ ಬರುತ್ತದೆ. ನಮ್ಮ ಕಡೆಯವರು ಅನ್ನಕ್ಕೆ ಕಾಯುತ್ತಾ ಎರಡನೇ ರೊಟ್ಟಿ ಬೇಡ ಅನ್ನುತ್ತಾರೆ. ಅನ್ನ ಸ್ವಲ್ಪವೇ ಸಾಕು. ಹೊಟ್ಟೆ ರೊಟ್ಟಿಗೆ ಇಟ್ಟುಕೊಳ್ಳಿ.

ಇನ್ನೊಂದು ರಾತ್ರಿ ಇದ್ದರೆ, ಮಾಂಸ ತಿನ್ನುವವರಾದರೆ, ಅದು ಬಿರಿಯಾನಿಗೆ. ತೀನ್ ಕಂದಿಲ್ ಸುತ್ತಮುತ್ತ, ಹಳೇ ಊರಿನ ಬೀದಿಗಳಲ್ಲಿ ಸಂಜೆ ಓಡಾಡಿದರೆ ವಾಸನೆಯೇ ಕರೆದುಕೊಂಡು ಹೋಗುತ್ತದೆ. ಇಲ್ಲಿ ಸಮಯ ಗೊತ್ತಿರಬೇಕು. ಹೈದರಾಬಾದ್ ಪದ್ಧತಿಯ ಕಚ್ಚಿ ಬಿರಿಯಾನಿಯಲ್ಲಿ ಮಸಾಲೆ ಹಚ್ಚಿದ ಹಸಿ ಮಾಂಸವನ್ನು ತಳದಲ್ಲಿ ಹಾಸಿ, ಅರೆಬೆಂದ ಅಕ್ಕಿಯನ್ನು ಮೇಲೆ ಹರಡಿ, ಮುಚ್ಚಳದ ಸುತ್ತ ಕಣಕ ಮೆತ್ತಿ ಸಣ್ಣ ಉರಿಯಲ್ಲಿ ದಮ್ ಕಟ್ಟುತ್ತಾರೆ. ಹಬೆ ಹೊರಗೆ ಹೋಗದೆ ಮಾಂಸದ ರಸ ಅಕ್ಕಿಗೆ ಏರುತ್ತದೆ. ಹಂಡಿ ಒಡೆದ, ಅಂದರೆ ಮುಚ್ಚಳ ತೆಗೆದ, ಮೊದಲ ಅರ್ಧ ಗಂಟೆಯ ರುಚಿ ಆಮೇಲೆ ಇರುವುದಿಲ್ಲ. ಮಧ್ಯಾಹ್ನದ ಹಂಡಿಯೇ ರಾತ್ರಿಗೂ ನಡೆಯುತ್ತಿದ್ದರೆ ಅನ್ನ ಒಣಗಿರುತ್ತದೆ, ಮಾಂಸ ನಾರಾಗಿರುತ್ತದೆ. ಆದ್ದರಿಂದ ‘ರಾತ್ರಿ ಹಂಡಿ ಎಷ್ಟೊತ್ತಿಗೆ ಒಡೀತೀರಿ’ ಅಂತ ಮೊದಲೇ ಕೇಳಿ, ಆ ಹೊತ್ತಿಗೆ ಸರಿಯಾಗಿ ಹೋಗಿ.

ಬಡಿಸುವವರ ಕೈ ನೋಡಿ. ಗೊತ್ತಿರುವವರು ಸೌಟಿನಿಂದ ಕಲಸುವುದಿಲ್ಲ. ಚಪ್ಪಟೆ ತಟ್ಟೆಯನ್ನು ಹಂಡಿಯ ಅಂಚಿನಲ್ಲಿ ನೇರ ಕೆಳಗಿಳಿಸಿ ಒಂದು ಪಕ್ಕದಿಂದ ಎತ್ತುತ್ತಾರೆ. ಆಗ ಮೇಲಿನ ಬಿಳಿ ಅನ್ನ, ನಡುವಿನ ಹಳದಿ ಅನ್ನ, ತಳದ ಮಸಾಲೆ ಮೂರೂ ನಿಮ್ಮ ತಾಟಿಗೆ ಬರುತ್ತವೆ. ಜೊತೆಗೆ ಮಿರ್ಚಿ ಕಾ ಸಾಲನ್ ಇದ್ದರೆ ಬಿಡಬೇಡಿ; ಶೇಂಗಾ, ಎಳ್ಳು, ಹುಣಸೆಹಣ್ಣಿನ ಗಟ್ಟಿ ರಸದಲ್ಲಿ ಬೆಂದ ಉದ್ದ ಮೆಣಸಿನಕಾಯಿ ಅದು. ಸಿಹಿಗೆ ಡಬಲ್ ಕಾ ಮೀಠಾ ಸಿಕ್ಕರೆ ಇಬ್ಬರಿಗೆ ಒಂದು ಸಾಕು, ತುಪ್ಪ, ಸಕ್ಕರೆ ಎರಡೂ ಜೋರು. ರಂಜಾನ್ ತಿಂಗಳಾದರೆ ಲೆಕ್ಕ ಬೇರೆ. ಹಗಲು ಸುಮಾರು ಅಂಗಡಿ ಮುಚ್ಚಿರುತ್ತವೆ, ರಾತ್ರಿ ಬೀದಿಗೆ ಬೀದಿಯೇ ಎದ್ದಿರುತ್ತದೆ. ಗೋಧಿ, ಬೇಳೆ, ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಕುಟ್ಟಿ ಮಾಡುವ ಹಲೀಮ್‌ಗೆ ಅದೇ ಕಾಲ.

ಆಂಧ್ರ ಮೆಸ್‌ಗಳನ್ನು ನಾನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಬಿಸಿ ಅನ್ನ, ಪುಡಿ, ತುಪ್ಪ, ಪಪ್ಪು, ಆವಕಾಯಿ ಎಲ್ಲ ಹೊಟ್ಟೆ ತುಂಬ ಉಂಡು ಮಲಗುವಂಥ ಊಟ. ರಾತ್ರಿ ಅಲ್ಲಿ ಬಗೆ ಕಡಿಮೆ. ಎಸಿ ಫ್ಯಾಮಿಲಿ ರೆಸ್ಟೋರೆಂಟ್‌ಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ವಯಸ್ಸಾದವರು ಜೊತೆಗಿದ್ದರೆ, ಏಪ್ರಿಲ್ ಮೇ ತಿಂಗಳಾದರೆ, ಕೂರಲು ತಂಪಾದ ಜಾಗ ಬೇಕೇ ಬೇಕು. ಅಲ್ಲಿಗೆ ಹೋದರೂ ಮೆನುವಿನ ಚೈನೀಸ್ ಪುಟ ಬಿಟ್ಟು, ಜೋಳದ ರೊಟ್ಟಿ ಊಟ ಇದೆಯಾ ಅಂತ ಕೇಳಿ. ಸುಮಾರು ಕಡೆ ಇರುತ್ತದೆ, ಬೋರ್ಡಿನಲ್ಲಿ ಬರೆದಿರುವುದಿಲ್ಲ ಅಷ್ಟೇ.

ಬೇಸಿಗೆ ವಿಷಯ ಬಂತು ಅಂತ ಹೇಳುತ್ತೇನೆ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ಹೊತ್ತು ಮುಳುಗಿದ ಮೇಲೂ ಕಲ್ಲು, ಗೋಡೆ ಬಿಸಿ ಉಗುಳುತ್ತಿರುತ್ತವೆ. ಆಗ ಬಿರಿಯಾನಿ ಭಾರ ಆಗುತ್ತದೆ, ಮಜ್ಜಿಗೆ, ಮೊಸರು ಇರುವ ಖಾನಾವಳಿ ಊಟವೇ ಹಗುರ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.

ಊಟಕ್ಕೆ ಮೊದಲು ಹಸಿವು ಬೇಕಲ್ಲ, ಅದಕ್ಕೆ ಕೋಟೆ ಇದೆ. ಸಂಜೆ ಐದರ ಹೊತ್ತಿಗೆ ಬೆಟ್ಟ ಹತ್ತಿ. 1294ರ ಶಾಸನ ಇರುವ, 40 ಅಡಿಗೂ ಜಾಸ್ತಿ ಉದ್ದದ ಒಂದೇ ಕಲ್ಲು ಕೋಟೆಗೋಡೆಯಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಸುಲ್ತಾನನ ಮೇಲೆ ಯುದ್ಧ ಮಾಡಿ ಗೆದ್ದ. ಮೇಲೆ ನಿಂತರೆ ಆಮ್ ತಲಾಬ್ ಕೆರೆ, ಇಡೀ ಊರು ಕಾಣುತ್ತದೆ. ಕತ್ತಲಾಗುವ ಮೊದಲೇ ಇಳಿಯಿರಿ, ಮೆಟ್ಟಿಲು ಸರಿ ಇಲ್ಲ. ಇಳಿದು ಬಂದಾಗ ದಾರಿಯಲ್ಲಿ ಬಿಸಿ ಮಿರ್ಚಿ (ಮೆಣಸಿನಕಾಯಿ ಬಜ್ಜಿ) ಕರಿಯುತ್ತಿರುತ್ತಾರೆ. ಒಂದೇ ಒಂದು ತಿನ್ನಿ. ನಾಲ್ಕು ತಿಂದರೆ ಊಟದ ಕಥೆ ಮುಗಿಯಿತು. ಮಂಡಾಳ (ಮಂಡಕ್ಕಿ) ಒಗ್ಗರಣಿ, ಮಿರ್ಚಿ ಹೊಟ್ಟೆ ತುಂಬ ತಿನ್ನಲು ಬೆಳಗ್ಗೆ ಇದ್ದೇ ಇದೆ, ಈ ಊರಿನ ಉಪಾಹಾರವೇ ಅದು.

ಎಂಟರ ಒಳಗೆ ಊಟಕ್ಕೆ ಕೂರುವ ಹಾಗೆ ನೋಡಿಕೊಳ್ಳಿ. ದೊಡ್ಡ ನಗರದ ಅಭ್ಯಾಸದಲ್ಲಿ ಹತ್ತಕ್ಕೆ ಹೋದರೆ ಖಾನಾವಳಿಯಲ್ಲಿ ಹೆಂಚು ಇಳಿಸಿರುತ್ತಾರೆ. ಅಮಾವಾಸ್ಯೆ, ಹಬ್ಬ, ಜಾತ್ರೆ ದಿನ ಬಾಗಿಲು ಹಾಕಿರುವ ಸಾಧ್ಯತೆ ಇರುತ್ತದೆ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಬುಧವಾರ, ಗುರುವಾರ ಮಂತ್ರಾಲಯದ ಜನ ಜಾಸ್ತಿ, ಲಾಡ್ಜೂ ತುಂಬಿರುತ್ತವೆ, ಹೋಟೆಲೂ ತುಂಬಿರುತ್ತವೆ. ಮಂತ್ರಾಲಯ ಇಲ್ಲಿಂದ ಸುಮಾರು 45 ಕಿ.ಮೀ. ಮಧ್ಯಾಹ್ನ ಮಠದಲ್ಲೇ ಪ್ರಸಾದ ಮುಗಿಸಿ, ಮೂರು ನಾಲ್ಕಕ್ಕೆ ಹೊರಟರೆ ಕೋಟೆಗೂ ಸಮಯ ಸಿಗುತ್ತದೆ, ಊಟಕ್ಕೂ ಸಿಗುತ್ತದೆ. ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇರಲಿ.

ರಾತ್ರಿ ರೈಲಿಗೇ ಹೊರಡುವವರು ಖಾನಾವಳಿಯಲ್ಲಿ ಉಂಡು, ಮನೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಬಹುದು. ಎರಡೂ ವಾರಗಟ್ಟಲೆ ಕೆಡುವುದಿಲ್ಲ. ಊಟಕ್ಕೆ ಕೂರುವ ಮೊದಲೇ ಹೇಳಿಬಿಡಿ, ಎದ್ದೇಳುವ ಹೊತ್ತಿಗೆ ತಯಾರಿರುತ್ತದೆ. ರೊಟ್ಟಿಯನ್ನು ಪೇಪರ್ ಅಥವಾ ಬಟ್ಟೆಯಲ್ಲಿ ಸುತ್ತಿಸಿ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತದೆ.